ಹನ್ನೆರಡು ಇಂಚು, ಮೇಲೊಂದು ಕೂದಲು

ಮೊದಮೊದಲು ಅದನ್ನು ಕಸವೆಂದೇ ತಿಳಿದಿದ್ದೆ.
ರೆಕಾರ್ಡಿನ ಎಡಮಗ್ಗುಲಿಗೆ ಸುತ್ತಿದ
ಮೂರು ಬೆರಳಗಲದ ಕಾಗದ,
ಮೇಲಿಂದ ಕೆಳಗಿಳಿಯುವ ಅಕ್ಷರ
ಬಾವಿಗೆ ಬಿಟ್ಟ ಹಗ್ಗದ ಹಾಗೆ.
ಮಡಗಾಂವಿಗೆ ಬಂದ ಹೊಸದರಲ್ಲಿ
ಅಂಥವೆಷ್ಟನ್ನೋ ಮಡಿಸಿ
ಅಲುಗಾಡುವ ಟರ್ನ್‌ಟೇಬಲ್ಲಿನ ಕಾಲಿಗೆ ಒತ್ತು ಕೊಟ್ಟಿದ್ದೇನೆ.
ಈಗ ನೆನೆದರೆ ಹೊಟ್ಟೆ ಉರಿಯುತ್ತದೆ.

ಒಬಿ ಅನ್ನುತ್ತಾರಂತೆ ಅದಕ್ಕೆ ಜಪಾನಿನಲ್ಲಿ,
ನಡುವಿಗೆ ಬಿಗಿಯುವ ಪಟ್ಟಿಯ ಹೆಸರು.
ಹೇಳಿಕೊಟ್ಟವರು ಪುಣೆಯ ಕೇಳ್ಕರ್.
ಹೆಸರಿನಲ್ಲೇ ಕೇಳು ಇದೆ, ಕೇಳುವುದು ಮಾತ್ರ ಇಲ್ಲ:
ಕೊಂಡ ತಟ್ಟೆಯನ್ನು ಮುಳ್ಳಿಗೆ ಸೋಕಿಸದೆ
ಪ್ಲಾಸ್ಟಿಕ್ಕಿನಲ್ಲಿ ಮಲಗಿಸುವ ಮನುಷ್ಯ.
ಪಟ್ಟಿ ಇದ್ದರೆ ಒಂಬತ್ತು ಸಾವಿರ.
ಇಲ್ಲದಿದ್ದರೆ ಎರಡೂವರೆ, ಅದೂ ಸ್ನೇಹಕ್ಕೆ.
ಹಾಡು ಅದೇ ಅಲ್ಲವಾ ಅಂದೆ.
ನಕ್ಕರು.
ಕೂಸು ಬತ್ತಲೆ ಇದ್ದರೂ
ಉಡಿದಾರ ಇಲ್ಲದೆ ಇರಬಾರದು ಅನ್ನುತ್ತಿದ್ದಳು ನಮ್ಮಜ್ಜಿ.
ಅಷ್ಟು ಅರ್ಥವಾಯಿತು. ಮಿಕ್ಕದ್ದು ವ್ಯಾಪಾರ.

ಕಾರ್ನಿವಾಲ್ ಕಳೆದ ವಾರ ಕುಡ್ತರಿಯಿಂದ
ಎರ್ಮೆಲಿಂದಾ ಬಾಯಿ ಹೇಳಿ ಕಳಿಸಿದಳು.
ಗಂಡ ಕಾಯ್ತಾನ್ ಹಡಗಿನ ಅಡುಗೆಮನೆಯಲ್ಲಿದ್ದವ.
ಕೋಬೆ, ಯೊಕೊಹಾಮಾ, ಸಲಕ್ಕೊಂದು ತಟ್ಟೆ.
ಕಡೆಯ ಸಲದ ತಟ್ಟೆ
ಕಂಪನಿಯ ಪೆಟ್ಟಿಗೆಯಲ್ಲಿ ಬಂತು, ಅವನಿಲ್ಲದೆ.
ಇದನ್ನೆಲ್ಲ ಅವಳು ಹೇಳಿದ್ದು
ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು,
ಯಾರದೋ ಮದುವೆಯ ಬಿಳಿ ಗೌನಿನ ಅಂಚು ಹಿಡಿಯುತ್ತ.

ಇಪ್ಪತ್ತೆರಡಕ್ಕೆ ಪಟ್ಟಿ ಇರಲಿಲ್ಲ.
ಒಲೆಗೆ ಹೋದವು ಅಂದಳು, ಇನ್ನೆಲ್ಲಿಗೆ ಹೋಗಬೇಕು ಎಂಬಂತೆ.
ಇಪ್ಪತ್ತಮೂರನೆಯದು ಹೊಲಿಗೆ ಮಷೀನಿನ ಡ್ರಾಯರಿನಲ್ಲಿತ್ತು.
ತಟ್ಟೆಯ ಉದ್ದ, ಅಂದರೆ
ಹನ್ನೆರಡು ಇಂಚು, ಮೇಲೊಂದು ಕೂದಲು.
ಮೂವತ್ತು ವರ್ಷ ಅದೇ ಅವಳ ಫೂಟುಪಟ್ಟಿ.
ಅಂಚಿನುದ್ದಕ್ಕೂ ಪೆನ್ಸಿಲ್ ಗೀಟು,
ತೋಳು, ಕಂಕುಳು, ಕೊರಳಿನ ಆಳ,
ಪಕ್ಕದಲ್ಲಿ ಇರುವೆಯಂಥ ಹೆಸರು:
ಫಿಲು. ಸೆಬಿ. ಡಾಕ್ಟರರ ಹೆಂಡತಿ.
ಫಿಲು ಮತ್ತೆ, ಬಸುರಿ.
ಜಪಾನಿನ ಅಕ್ಷರಗಳ ನಡುವೆ ನುಸುಳಿಕೊಂಡು
ಒಂದು ಊರೇ ಅಳತೆಗೆ ನಿಂತಿತ್ತು, ಉಸಿರು ಬಿಗಿಹಿಡಿದು.

ಬೇಕಾದರೆ ತಗೋ ಅಂದಳು.
ತಟ್ಟೆಗಳಿಗೆ ಎಣಿಸಿ ಕೊಟ್ಟೆ.
ಕಾಗದಕ್ಕೆ ಬೇರೆ ಏನೂ ಕೊಡಲಿಲ್ಲ.

ರಾತ್ರಿ ಅಂಗಡಿಯ ಷಟರು ಅರ್ಧ ಎಳೆದು
ರಬ್ಬರು ಹಿಡಿದು ಕೂತೆ.
ಮಲಗಿದವರ ಮುಖದಿಂದ ನೊಣ ಅಟ್ಟುವ ಹಾಗೆ, ಮೆತ್ತಗೆ.
ಮೊದಲು ಡಾಕ್ಟರರ ಹೆಂಡತಿ ಹೋದಳು.
ಆಮೇಲೆ ಸೆಬಿಯ ತೋಳು.
ಫಿಲು ಎರಡು ಸಲ ಹೋಗಬೇಕಾಯಿತು.
ಒಂದು ಗೀಟು ಹೋಗಲಿಲ್ಲ, ಬಾಲ್‌ಪೆನ್ನಿನದು,
ಒಂಬತ್ತರ ಹತ್ತಿರ:
ಕಾಯ್ತಾನ್, ಅರ್ಧ ತೋಳು.
ಪಟ್ಟಿ ಬಂದಾಗ ಅವನೇ ಇರಲಿಲ್ಲ.
ಯಾವ ತೋಳಿಗೆ ಹಿಡಿದು ನೋಡಿದಳೋ.

ಕೇಳ್ಕರ್ ಭೂತಗನ್ನಡಿ ತಂದಿದ್ದರು.
ಆ ಗೀಟಿಗೆ ಐನೂರು ಮುರಿದುಕೊಂಡರು.

ಮೇ ಕೊನೆಯಲ್ಲಿ, ಪುರುಮೆಂತ ಸಂತೆಯ ದಿನ,
ಒಣಸಿಗಡಿ, ಮೆಣಸಿನಕಾಯಿ ಕೊಂಡು ಅವಳೇ ಒಳಗೆ ಬಂದಳು.
ಆ ಕಾಗದ ಇದೆಯಾ ಬಾಬ್?
ತಟ್ಟೆ ಬೇಡ. ಕೈಗೆ ಅದರದೇ ರೂಢಿ.
ಮಾರಿದೆ ಅನ್ನಲು ನಾಲಿಗೆ ಏಳದೆ
ಎದುರಿನ ಸ್ಟೇಷನರಿಗೆ ಓಡಿ
ಸ್ಟೀಲಿನದೊಂದು ತಂದುಕೊಟ್ಟೆ, ನಲವತ್ತು ರೂಪಾಯಿಯದು.
ಬೆರಳಾಡಿಸಿದಳು. ಅಂಕಿಗಳೆಲ್ಲ ಸರಿಯಾಗಿದ್ದವು.
ಇದು ಬಗ್ಗುವುದಿಲ್ಲ ಅಂದಳು.
ತೋಳು ಬಗ್ಗುತ್ತದೆ.
ಅಂದು, ಮೆಣಸಿನಕಾಯಿ ಚೀಲದಲ್ಲಿ ಅದನ್ನು ನಿಲ್ಲಿಸಿಕೊಂಡು
ಕುಡ್ತರಿ ಬಸ್ಸಿಗೆ ಬಿರಬಿರನೆ ನಡೆದಳು.
ಚೀಲದ ಬಾಯಿಂದ ಅರ್ಧ ಹೊರಗೆ, ಫಳಫಳ,
ಚರ್ಚಿನ ತಿರುವಿನವರೆಗೂ ಕಾಣುತ್ತಿತ್ತು.