ಬೆಳಗಿನ ಒಂದು ಸೆಕೆಂಡು

ರಿಪ್ಪನ್‌ಪೇಟೆಯ ಸರ್ಕಾರಿ ಆಸ್ಪತ್ರೆಯಲ್ಲಿ
ಹನ್ನೊಂದು ವರ್ಷದಿಂದ ನಾಡಿ ಎಣಿಸುತ್ತಿದ್ದೇನೆ.
ಎದೆಗೆ ಪಿನ್ನು ಚುಚ್ಚಿ ತೂಗುಬಿಟ್ಟ ಗಡಿಯಾರ
ಎದುರಿನವರಿಗೆ ತಲೆಕೆಳಗು, ನನಗೊಬ್ಬಳಿಗೆ ನೆಟ್ಟಗೆ.
ಈಗ ಅದೇ ಮುಳ್ಳಿನ ಕೆಳಗೆ
ಈ ಎರಡು ಕಣ್ಣಿನ ಪೆಟ್ಟಿಗೆ.

ಸಿಸ್ಟರ್ ಬೆನೆಡಿಕ್ಟಾ ಬಿಟ್ಟುಹೋದ ಯಾಶಿಕಾ.
ಕುಷ್ಠದ ಕ್ಯಾಂಪಿನಲ್ಲಿ ಹುಣ್ಣಾದ ಕಾಲು ಒಂದು ಸಲ,
ಮಾಯ್ದ ಕಾಲು ಇನ್ನೊಂದು ಸಲ.
ಮುಖ ತೆಗೆಯುತ್ತಿರಲಿಲ್ಲ, "ಅದು ಅವರದ್ದು" ಅನ್ನುತ್ತಿದ್ದರು.
ನಾನು ಬರೀ ಮುಖ ತೆಗೆಯುತ್ತೇನೆ.

ಮಾಗಿಯ ಚಳಿ, ಬೆಳಿಗ್ಗೆ ಆರು.
ಒಂದು ಸೆಕೆಂಡಿಗಿಟ್ಟು ಒತ್ತಿದರೆ
ಜರ್ರ್ ಎಂದು ಹೊರಟದ್ದು ನಡುದಾರಿಯಲ್ಲಿ ನಿಂತು,
ಒಲೆ ಆರಿಸಿದೆನೋ ಇಲ್ಲವೋ ಎಂದು ನೆನೆಸಿಕೊಳ್ಳುವವರ ಹಾಗೆ,
ಆಮೇಲೆ
ಟಕ್.
ಎರಡು ಸೆಕೆಂಡು. ಒಮ್ಮೊಮ್ಮೆ ಎರಡೂವರೆ.
ಬಿಸಿಲು ಕಿಟಕಿ ದಾಟಿ ಮೇಜಿಗೆ ಬಂದ ಮೇಲೆ
ಅದೇ ಗುಂಡಿ, ಅದೇ ಮುಳ್ಳು, ಸರಿಯಾಗಿ ಒಂದು.

ಬೆಳಿಗ್ಗೆ ಏರಿ ಮಧ್ಯಾಹ್ನ ಇಳಿಯುವುದನ್ನು
ಕಾಯಿಲೆ ಅನ್ನಲೋ, ಸ್ವಭಾವ ಅನ್ನಲೋ?

ಜ್ವರದ ಚಾರ್ಟಿನ ಖಾಲಿ ಹಾಳೆಯೊಂದನ್ನು ತಂದು
ರೋಗಿಯ ಹೆಸರಿನ ಜಾಗದಲ್ಲಿ 'ಯಾಶಿಕಾ' ಬರೆದೆ.
ವಯಸ್ಸು: ಗೊತ್ತಿಲ್ಲ.
ಆರು ಗಂಟೆ, ಹನ್ನೆರಡು, ಸಂಜೆ ಐದು.
ಮಾತ್ರೆ ಡಬ್ಬಿಗಳಿಂದ ಆರಿಸಿದ ಸಿಲಿಕಾ ಪೊಟ್ಟಣಗಳ ನಡುವೆ
ರಾತ್ರಿ ಮಲಗಿಸಿದೆ.
ಟಾರ್ಚು ಬಿಟ್ಟು ನೋಡಿದೆ: ಗಾಜಿನ ಅಂಚಿಗೆ
ಜೇಡನ ಕೂದಲಿನಷ್ಟು ಬೂಷ್ಟು. ಅದು ಹಳೆಯದು,
ನಾಲ್ಕು ವರ್ಷದಿಂದ ಅಲ್ಲೇ ಇದೆ, ಬೆಳೆದಿಲ್ಲ. ಇರಲಿ.

ಇರಲಿ ಅನ್ನುವುದು ಸುಲಭ.
ಕೊನೆಯ ರೋಲಿನಲ್ಲಿ ಆಯಾ ದ್ಯಾವಮ್ಮ
ನಕ್ಕದ್ದೂ, ನಕ್ಕು ಮುಗಿಸಿದ್ದೂ
ಒಂದೇ ಚಿತ್ರದಲ್ಲಿ ಬಂದಿದೆ.
ಸರಿಯಾದ ಸೆಕೆಂಡಿಗೆ ಇಷ್ಟು ಹಿಡಿಸುತ್ತಿತ್ತೆ?

ಆದರೂ ಶನಿವಾರ ಬಸ್ಸು ಹತ್ತಿದೆ.
ಶಿವಮೊಗ್ಗ, ದುರ್ಗಿಗುಡಿ, ಮಂಚದಷ್ಟಗಲದ ವಾಚಿನ ಅಂಗಡಿ.
ವಾಸುದೇವ ಶೇಟರು ಕಿವಿಗೆ ಹಿಡಿದು, ಕಣ್ಣು ಮುಚ್ಚಿ,
ಹನ್ನೆರಡು ಸಲ ಒತ್ತಿದರು.
ನನ್ನ ಚಾರ್ಟನ್ನು ಬೆರಳಿಟ್ಟು ಓದಿದರು.

"ಒಂದೇ ಸಮ ತಪ್ಪುತ್ತಿದ್ದರೆ ಬಿಡಿ,
ಲೆಕ್ಕ ಹಾಕಿಕೊಂಡು ತೆಗೀಬಹುದು.
ಹೊತ್ತಿಗೊಂದು ಥರ ತಪ್ಪೋದನ್ನ ಮಾತ್ರ
ಮನೇಲಿಟ್ಟುಕೋಬಾರದು."

ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ ಮುಂದಿನ ಗಾಜು ಬಿಚ್ಚಿದರು.
ತುಂಬಾ ಹೊತ್ತು ಏನೂ ಹೇಳಲಿಲ್ಲ.
"ಎಣ್ಣೆ ಯಾರು ಬಿಟ್ಟಿದ್ದು?"

ಹೊಲಿಗೆ ಮಿಷನ್ನಿನದು. ಇಂಜೆಕ್ಷನ್ ಸೂಜಿಯ ತುದಿಯಲ್ಲಿ
ಅರ್ಧವೇ ಹನಿ. ದೀಪಾವಳಿಯ ಮಾರನೇ ದಿನ.
ಎರಡು ದಿನ ಕುದುರೆಯ ಹಾಗೆ ಓಡಿತ್ತು.

"ಚಾರ್ಟು ಚೆನ್ನಾಗಿದೆ," ಅಂದರು ಶೇಟರು,
"ಎಣ್ಣೆ ವಿಷಯ ಇದರಲ್ಲಿಲ್ಲ.
ಎಲೆಗಳೆಲ್ಲ ಒಂದಕ್ಕೊಂದು ಅಂಟಿವೆ.
ಆಗಲೇ ಯಾಕೆ ತರಲಿಲ್ಲ?"

ಈ ಮಾತು ನನ್ನದು.
ದಿನಕ್ಕೆ ನಾಲ್ಕು ಸಲ, ಇದೇ ದನಿಯಲ್ಲಿ,
ಬೆಂಚಿನ ಆ ಕಡೆ ಕೂತವರಿಗೆ ನಾನು ಆಡುವ ಮಾತು.
ಅವರು ಸೆರಗಿನ ತುದಿ ತಿರುವುತ್ತಾರೆ.
ನಾನು ಬ್ಯಾಗಿನ ಜಿಪ್ಪು ಎಳೆದೆ, ಬಿಟ್ಟೆ, ಎಳೆದೆ.

ಒಂದು ತಿಂಗಳು ಅಂದಿದ್ದಾರೆ. ಚೀಟಿ ಕೊಟ್ಟಿದ್ದಾರೆ.

ಸೋಮವಾರ ಹೆಂಗಸೊಬ್ಬಳು ಮಗುವಿನ ಸುಟ್ಟ ಕೈ ತಂದಳು.
ಮೂರು ದಿನದ್ದು. ಮೇಲೆ ಟೂತ್‌ಪೇಸ್ಟು
ಒಣಗಿ ಸುಣ್ಣದ ಗೋಡೆಯಾಗಿದೆ.
ಮಾತು ನಾಲಗೆಯ ತುದಿಗೆ ಬಂತು,
ನಡುದಾರಿಯಲ್ಲಿ ನಿಂತಿತು.
ಸಲೈನು ನೆನೆಸಿದ ಬಟ್ಟೆ ಇಟ್ಟು, ಕಾಯುತ್ತಾ,
"ಎಷ್ಟು ಹೊತ್ತಿನ ಬಸ್ಸಿಗೆ ಬಂದ್ರಿ?" ಅಂದೆ.

"ಆರೂಕಾಲಿಂದು ಸಿಸ್ಟರ್.
ಚಳಿಗೆ ಸ್ಟಾರ್ಟೇ ಆಗ್ಲಿಲ್ಲ."