ಒಳಗಿನ ಬಣ್ಣ

ಮೂವತ್ತು ವರ್ಷ ಬೈತಖೋಲದಲ್ಲಿ ದೋಣಿಗೆ ಬಳಿದವನು ನಾನು.
ದೋಣಿಯದು ಹೊರಮೈ ಕೆಲಸ: ಅಗಲ ಬ್ರಶ್ಶು, ದಪ್ಪ ನೀಲಿ,
ತಪ್ಪಿದರೆ ಸಮುದ್ರ ಮುಚ್ಚಿಕೊಳ್ಳುತ್ತದೆ.
ಇದು ಒಳಗಿನದು.

ಎಪ್ಪತ್ನಾಲ್ಕರ ಫಿಯೆಟ್ಟು. ಸೀಟು ಬಿಚ್ಚಿ ಅಂಗಳದಲ್ಲಿಟ್ಟಿದ್ದೇನೆ,
ಯಾರೋ ನೆಂಟರು ಬರುವ ಹಾಗೆ.
ಮೀಟರಿನ ಗಾಜಿಗೆ ಟೇಪು, ಸ್ಟೇರಿಂಗಿಗೆ ಹಳೇ ಪೇಪರು.
ಮೀನಿನ ದರವೂ ಯಾರದೋ ಶ್ರದ್ಧಾಂಜಲಿಯೂ ಒಟ್ಟಿಗೇ ಗಾಡಿ ಹೊಡೆಯುತ್ತಿವೆ.

ಮರಳುಕಾಗದ ತಿಕ್ಕಿದಷ್ಟೂ ಡ್ಯಾಶ್‌ಬೋರ್ಡು ಹಿಂದೆ ಹಿಂದೆ ಹೋಯಿತು:
ಕಪ್ಪು, ಕಪ್ಪಿನಡಿ ಪಾಚಿಹಸಿರು,
ಹಸಿರಿನಡಿ ಕಂಪನಿಯ ಕೆನೆ, ಅದರಡಿ ಉಪ್ಪು ತಿಂದ ತಗಡು.
ಸಾಂತಾನ್ ಡಾಕ್ಟರು ಎಷ್ಟು ಸಲ ಮನಸ್ಸು ಬದಲಿಸಿದ್ದರೋ!

ಡಬ್ಬಿ ಅಲ್ಲಾಡಿಸು, ಒಳಗಿನ ಗೋಲಿ ಮಾತಾಡುವವರೆಗೆ.
ಒಂದು ಗೇಣು ದೂರ. ತೆಳ್ಳಗೆ. ಕೈ ನಿಲ್ಲಬಾರದು.
ಅಂಗಡಿಯ ಹುಡುಗ ಹೇಳಿದ್ದು ಇಷ್ಟು.
ಕೋಡಿಬಾಗದ ಗಾಳಿಯ ಸುದ್ದಿ ಎತ್ತಿರಲಿಲ್ಲ.

ನಾಲ್ಕು ಗಂಟೆಗೆ ಕಾಳಿಯ ಬಾಯಿಂದ ಎದ್ದು ಬಂತು,
ಒಂದು ಬಾಗಿಲಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟಿತು,
ಕೆನೆಮಂಜು ಹೊತ್ತು, ಬೇಲಿ ದಾಟಿ
ರುಕ್ಮಾ ತಾಂಡೇಲಳ ಚಾಪೆಗೆ.
ಒಣಗಲಿಟ್ಟ ಶೆಟ್ಲಿ, ಒಂದೊಂದೂ ಪೌಡರು ಬಳಿದು ಮದುವೆಗೆ ಹೊರಟಂತೆ.

ಅವಳು ಬೈಯಲಿಲ್ಲ. ಅದೇ ಹೆದರಿಕೆ.
ಬಂದಳು, ಬಗ್ಗಿ ಒಳಗೆ ನೋಡಿದಳು.
"ನನ್ನ ದೊಡ್ಡವ ಇದರ ಹಿಂದಿನ ಸೀಟಲ್ಲೇ ಹುಟ್ಟಿದ್ದು.
ಸೇತುವೆ ಆಗಿರಲಿಲ್ಲ, ಬಾರ್ಜು ಬರಲಿಲ್ಲ.
ಆಗ ಎದುರಿಗೆಲ್ಲ ಹಸಿರಿತ್ತು. ಹಲ್ಲು ಕಚ್ಚಿ
ಅದನ್ನೇ ನೋಡುತ್ತಿದ್ದೆ. ಇದೆಂಥ ಬಿಳಿ?"

ಶೆಟ್ಲಿಯ ದುಡ್ಡು ಬೇಡವಂತೆ.
ಹಸಿರು ಬೇಕಂತೆ.

ಎರಡು ಡಬ್ಬಿ ಕೆನೆ ಇನ್ನೂ ಸೀಲು ಒಡೆದಿಲ್ಲ.
ಬೇಲಿಯಾಚೆ ಕಾಗೆಯೊಂದು ಬಣ್ಣದ ಶೆಟ್ಲಿ ಎತ್ತಿತು,
ಯೋಚಿಸಿತು,
ಇದ್ದಲ್ಲೇ ಇಟ್ಟಿತು.