ಬೇರೆ ಪಾತ್ರೆ

ಬೇಲೂರಿನ ಬಸ್ ಸ್ಟ್ಯಾಂಡಿನ ಹಿಂದೆ, ಪಂಕ್ಚರ್ ಅಂಗಡಿ ದಾಟಿದರೆ
ನಮ್ಮ ಮೆಸ್. ನಾಲ್ಕು ಮೇಜು, ಒಂದರ ಕಾಲಿಗೆ ರಟ್ಟು ಕೊಟ್ಟಿದೆ.
ಮಧ್ಯಾಹ್ನ ಮೂರಕ್ಕೆ, ಮುದ್ದೆ ಮುಗಿದು ತಪ್ಪಲೆ ನೆನೆಹಾಕಿದ ಮೇಲೆ
ಬಂದಳು ಆಕೆ. ಮೂಗಿನ ತುದಿ ಬಿಸಿಲಿಗೆ ಸುಲಿದಿತ್ತು.
ಮಾತಾಡಲಿಲ್ಲ. ಚೀಲದಿಂದ ಒಂದು ಚೀಟಿ ತೆಗೆದು
ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

ಪ್ಲಾಸ್ಟಿಕ್ಕಿನೊಳಗೆ ಕನ್ನಡ. ಯಾವ ಯಂತ್ರ ಬರೆದ ಕನ್ನಡವೋ:
"ದಯವಿಟ್ಟು ನಮಸ್ಕಾರ. ಗೋಧಿಯು ನನ್ನ ಕರುಳಿನ ಶತ್ರು ಆಗಿರುತ್ತಾನೆ.
ಒಂದು ಚೂರು ಕೂಡ ನಾನು ರೋಗಿ ಆಗುತ್ತೇನೆ.
ಅದೇ ಸೌಟು, ಅದೇ ಎಣ್ಣೆ, ಅದೇ ಪಾತ್ರೆ ಬೇಡ.
ನನಗೆ ಪ್ರತ್ಯೇಕ ಪಾತ್ರೆಯನ್ನು ದಯಪಾಲಿಸಿ."

ನಾದಿನಿ ಚಂದ್ರಕಲಾ ಓದಿ ನಕ್ಕಳು: ಶತ್ರು ಆಗಿರುತ್ತಾನಂತೆ!
ನನಗೆ ಕೊನೆಯ ಸಾಲಿನಲ್ಲಿ ಕಣ್ಣು ಸಿಕ್ಕಿಕೊಂಡಿತು.

ಪ್ರತ್ಯೇಕ ಪಾತ್ರೆ.
ನನಗದು ಗೊತ್ತು, ಅಕ್ಷರ ಬರುವ ಮುಂಚಿನಿಂದ ಗೊತ್ತು.
ಅವ್ವನ ಜೊತೆ ಕಾಫಿ ಕುಯ್ಲಿಗೆ ಹೋದ ತೋಟದ ಮನೆಯಲ್ಲಿ
ಹಿಂದಿನ ಗೋಡೆಯ ಗೂಡಿನಲ್ಲಿ ಬೋರಲು ಮಲಗಿದ್ದ ಎರಡು ಲೋಟ,
ಒಂದರ ಅಂಚು ನೆಗ್ಗಿತ್ತು, ಅದು ನನ್ನದು.
ಕಾಫಿ ಮೇಲಿಂದ ಬೀಳುತ್ತಿತ್ತು, ಕೈ ತಾಕದ ಎತ್ತರದಿಂದ.
ಕುಡಿದು, ನಾವೇ ತೊಳೆದು, ನಾವೇ ಬೋರಲು ಹಾಕಿ ಬರಬೇಕು.
ಬೇರೆ ಪಾತ್ರೆಯನ್ನು ಒಬ್ಬರು ತಾವಾಗಿ ಕೇಳುವುದನ್ನು
ಐವತ್ತೆರಡನೇ ವರ್ಷದಲ್ಲಿ ಮೊದಲ ಸಲ ಕಂಡೆ.

"ಅಕ್ಕಿ ರೊಟ್ಟಿ ಹಾಕಿಕೊಡೋಣ ಅತ್ತಿಗೆ, ಅಕ್ಕಿಗೇನು ದೋಷ?"
ಅಕ್ಕಿಗಿಲ್ಲ, ಹೆಂಚಿಗಿದೆ. ಬೆಳಗ್ಗೆ ಇದೇ ಹೆಂಚಲ್ಲಿ
ಬ್ಯಾಂಕಿನವರ ಅರವತ್ತು ಚಪಾತಿ ಬೆಂದಿವೆ.
ಮತ್ತೆ ಹಿಟ್ಟು? ಗಿರಣಿಯ ಪುಟ್ಟಸ್ವಾಮಿಗೆ ಫೋನ್ ಹಚ್ಚಿದೆ.
ನಮ್ಮ ಅಕ್ಕಿಗೆ ಮೊದಲು ಏನು ಬೀಸಿದ್ದೆ?
"ಗೋಧಿ. ಯಾಕಕ್ಕ, ಕಲ್ಲು ಬಂತಾ?"
ಸಾರಾದರೂ ಸರಿ ಅಂದುಕೊಂಡೆ. ಬೇಳೆ, ಹುಣಸೆ, ಉಪ್ಪು.
ಒಗ್ಗರಣೆ ನೆನಪಾಗಿ ಇಂಗಿನ ಡಬ್ಬಿ ತಿರುಗಿಸಿದೆ.
ಇರುವೆಯಂಥ ಅಕ್ಷರ. ಕನ್ನಡಕ ಹುಡುಕಿ ಓದಿದೆ:
ಇಂಗಿನೊಳಗೆ ಮೈದಾ!
ಇಪ್ಪತ್ತು ವರ್ಷ ಚಿಟಿಕೆ ಚಿಟಿಕೆ ಉದುರಿಸಿದ್ದೇನೆ,
ಒಂದು ದಿನ ಬಾಯಿ ಬಿಟ್ಟಿರಲಿಲ್ಲ ಕಳ್ಳ.
ನನ್ನದೇ ಅಡುಗೆಮನೆಯಲ್ಲಿ ಇಂಗು ತಿಂದ ಮಂಗನ ಹಾಗೆ ನಿಂತೆ.

ಆಕೆ ಕಾಯುತ್ತಿದ್ದಳು. ಇಲ್ಲ ಎಂದರೆ ಎದ್ದು ಹೋಗಲು
ಚೀಲದ ಪಟ್ಟಿ ಹೆಗಲಲ್ಲೇ ಇತ್ತು.
ಅರ್ಧ ಕುರ್ಚಿಯಲ್ಲಿ ಕೂರುವ ಆ ಕೂರುವಿಕೆ
ಕಲಿಯಲು ಎಷ್ಟು ಊರು, ಎಷ್ಟು ಹೋಟೆಲು ಬೇಕಾಯಿತೋ.
ಪಕ್ಕದ ಮೇಜಿನ ಕೆಎಸ್‌ಆರ್‌ಟಿಸಿ ಡ್ರೈವರ್ ಕೇಳಿದ,
ಇಷ್ಟೆಲ್ಲ ಪಥ್ಯದವರು ದೇಶ ಯಾಕೆ ತಿರುಗಬೇಕಂತೆ?
ಕಲ್ಲಿನ ಗೊಂಬೆ ನೋಡಲಿಕ್ಕೆ, ಅಂದೆ. ನಿನಗೇನು ಕಷ್ಟ, ಉಣ್ಣು.

ಅಟ್ಟದಿಂದ ಚೀಟಿಯಲ್ಲಿ ಬಂದ ಸ್ಟೀಲ್ ಪಾತ್ರೆ ಇಳಿಸಿದೆ,
ಸ್ಟಿಕ್ಕರ್ ಕಿತ್ತಿರಲಿಲ್ಲ. ಅಕ್ಕಿ ಐದು ನೀರಲ್ಲಿ ತೊಳೆದು
ಅದರ ಜೊತೆಗೇ ಎರಡು ಮೊಟ್ಟೆ ಬೇಯಿಸಿದೆ.
ಒರಳಲ್ಲಿ ಕಾಯಿ, ಹಸಿಮೆಣಸು, ಉಪ್ಪು.
ತಟ್ಟೆ ಬೇಡವೆಂದು ಬಾಳೆ ಎಲೆ ಹಾಸಿದೆ.
ಎಲೆಗೆ ಹಿಂದೆ ಉಂಡವರ ನೆನಪಿರುವುದಿಲ್ಲ.

ಮೊದಲ ತುತ್ತು ಇಟ್ಟು ಸುಮ್ಮನೆ ಒಂದು ಗಳಿಗೆ ಕೂತಳು.
ಆಮೇಲೆ ಚೀಲ ಕೆಳಗಿಟ್ಟಳು.
ಪಾತ್ರೆ ಬರಿದಾಗುವವರೆಗೆ ಉಂಡಳು, ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ.

ಉಂಡು, ಪಾತ್ರೆ ಹಿಡಿದು ನಲ್ಲಿಯ ಕಡೆ ಹೊರಟಳು.
ಓಡಿ ಹೋಗಿ ಕಿತ್ತುಕೊಂಡೆ. ಬೇಡ ಅಂದರೆ ಬೇಡ.
ದನಿ ಯಾಕೆ ಅಷ್ಟು ಏರಿತೆಂದು ಚಂದ್ರಕಲಾಗೂ ತಿಳಿಯಲಿಲ್ಲ.

ಹೊರಡುವಾಗ ಚೀಟಿ ಇಸಕೊಂಡು
ಪ್ಲಾಸ್ಟಿಕ್ಕಿನ ಮೇಲೇ ಮಾರ್ಕರಿನಲ್ಲಿ ಬರೆದೆ:
ಇಂಗೂ ಹಾಕಬೇಡಿ, ಡಬ್ಬಿ ಓದಿ ನೋಡಿ.
ಶತ್ರು ಆಗಿರುತ್ತಾನೆ ಎಂಬುದನ್ನು ಮಾತ್ರ ತಿದ್ದಲಿಲ್ಲ.
ಮುಂದಿನ ಊರಿನವರೂ ಒಂದಿಷ್ಟು ನಗಲಿ.